ನಾನು ಗೆದ್ದ ಯುದ್ಧದಲ್ಲಿ ಊರುಗಳೇ ಇರಲಿಲ್ಲ

ರಾತ್ರಿ ಸುದ್ದಿ ಕಳಿಸಿ ಮುಗಿದ ಮೇಲೆ ನಾನೊಂದು ಕಂಪ್ಯೂಟರ್ ಆಟ ಆಡುತ್ತೇನೆ. ಹೆಸರು ‘ಹಾರ್ಟ್ಸ್ ಆಫ್ ಐರನ್ 4’. ಸ್ವೀಡನ್ನಿನ ಕಂಪನಿಯೊಂದು 2016ರಲ್ಲಿ ತಂದ ಆಟ. ಇದರಲ್ಲಿ ನಾವೇ ಗುಂಡು ಹಾರಿಸುವುದಿಲ್ಲ. ಮುಂದೆ ಜಗತ್ತಿನ ನಕಾಶೆ ಇರುತ್ತದೆ, 1936ರಿಂದ ಒಂದು ದೇಶವನ್ನು ನಾವು ನಡೆಸಬೇಕು.

ಜಪಾನ್ ಹಿಡಿದು ಚೀನಾ ಮೇಲೆ ಮೂರು ಸಲ ಯುದ್ಧಕ್ಕೆ ಹೋದೆ. ಮೂರೂ ಸಲ ಕೆಸರಿಗೆ ಬಿದ್ದ ಎತ್ತಿನಂತೆ ಸಿಕ್ಕಿಕೊಂಡೆ. ಉತ್ತರದ ಗಡಿಯುದ್ದಕ್ಕೂ ಸೈನ್ಯ ನಿಲ್ಲಿಸಿ ಒಮ್ಮೆಲೇ ತಳ್ಳುತ್ತಿದ್ದೆ. ಚೀನಾ ಹತ್ತಿರ ಕಾರ್ಖಾನೆ ಕಡಿಮೆ, ತೋಪು ಕಡಿಮೆ. ಆದರೆ ಜನ ಬೇಕಾದಷ್ಟು. ಒಂದು ತುಕಡಿ ಹಿಂದೆ ಸರಿದರೆ ಇನ್ನೊಂದು ಬಂದು ನಿಲ್ಲುತ್ತಿತ್ತು.

ಪಿಯುಸಿ ಓದುವ ಅಕ್ಕನ ಮಗ ಪಕ್ಕದಲ್ಲಿ ಕೂತು ನೋಡುತ್ತಿದ್ದ. “ಮಾಮಾ, ಅಗಸಿ ಮುಂದ ನಿಂತು ಯಾಕ ಗುದ್ದಾಡ್ತೀರಿ? ಹಿತ್ತಲದಿಂದ ಹೋಗ್ರಿ” ಅಂದ.

ಹಿತ್ತಲು ಅಂದರೆ ಸಮುದ್ರ. ಚೀನಾಕ್ಕೆ ಹೇಳಿಕೊಳ್ಳುವಂಥ ನೌಕಾಪಡೆ ಇಲ್ಲ, ಜಪಾನಿಗೆ ದೊಡ್ಡದಿದೆ. ಉತ್ತರದಲ್ಲಿ ಸುಮ್ಮನೆ ಹಿಡಿದು ನಿಂತು, ಶಾಂಘೈ ಕಡೆ ಹಡಗಿನಿಂದ ಸೈನ್ಯ ಇಳಿಸಬೇಕು. ಮೊದಲು ಬಂದರು ಹಿಡಿಯಬೇಕು, ಇಲ್ಲದಿದ್ದರೆ ಇಳಿದವರಿಗೆ ಸಾಮಾನು ತಲುಪುವುದಿಲ್ಲ. ಆಮೇಲೆ ಎರಡು ಕಡೆಯಿಂದ ಬಂದು ಕೈ ಕೂಡಿಸಿದರೆ ನಡುವೆ ಸಿಕ್ಕ ತುಕಡಿಗಳಿಗೆ ಓಡಲು ದಾರಿಯಿಲ್ಲ. ತಡ ಮಾಡಿದಷ್ಟೂ ಚೀನಾಕ್ಕೇ ಲಾಭ.

ನಾಲ್ಕನೇ ಸಲ ಗೆದ್ದೆ. ಆಟದ ಕ್ಯಾಲೆಂಡರಿನಲ್ಲಿ ಒಂದು ವರ್ಷವೂ ಆಗಿರಲಿಲ್ಲ. ಹುಡುಗ ಚಪ್ಪಾಳೆ ಹೊಡೆದ. ಆಮೇಲೆ ಕೇಳಿದ, “ಎಷ್ಟ ಮಂದಿ ಸತ್ರು, ಮಾಮಾ?”

ಪರದೆ ಸೈನಿಕರ ಲೆಕ್ಕ ತೋರಿಸಿತು. ಬೇರೆಯವರದು ಇರಲಿಲ್ಲ.

ನಿಜವಾದ ಯುದ್ಧ ಶುರುವಾದದ್ದು 1937ರ ಜುಲೈನಲ್ಲಿ. ಕೆಲವೇ ತಿಂಗಳಲ್ಲಿ ಮುಗಿಯುತ್ತದೆ ಎಂದು ಜಪಾನಿನ ಸೇನಾನಾಯಕರು ನಂಬಿದ್ದರು. ಶಾಂಘೈ ಒಂದಕ್ಕೇ ಮೂರು ತಿಂಗಳು ಬೇಕಾಯಿತು. ಕೊನೆಗೆ ಅವರೂ ಹಿತ್ತಲ ದಾರಿಯನ್ನೇ ಹಿಡಿದರು. ನವೆಂಬರಿನಲ್ಲಿ ಹಾಂಗ್‌ಝೌ ಕೊಲ್ಲಿಯಲ್ಲಿ ಸೈನ್ಯ ಇಳಿಸಿದರು. ಡಿಸೆಂಬರ್ 13ಕ್ಕೆ ರಾಜಧಾನಿ ನಾನ್‌ಜಿಂಗ್ ಬಿತ್ತು. ನನ್ನ ಆಟದಲ್ಲಿ ಅಲ್ಲಿ ಬಾವುಟ ಬದಲಾಯಿತು, ಅಷ್ಟೇ. ನಿಜದಲ್ಲಿ ವಾರಗಟ್ಟಲೆ ಕೊಲೆ, ಅತ್ಯಾಚಾರ ನಡೆಯಿತು. ಸತ್ತವರು 2 ಲಕ್ಷಕ್ಕೂ ಹೆಚ್ಚು ಎಂದು ಯುದ್ಧದ ನಂತರ ಟೋಕಿಯೊ ನ್ಯಾಯಮಂಡಳಿ ಹೇಳಿತು. ಅಷ್ಟಾದರೂ ಚೀನಾ ಶರಣಾಗಲಿಲ್ಲ. ಸರ್ಕಾರ ಒಳನಾಡಿಗೆ ಸರಿಯಿತು, ಯುದ್ಧ 1945ರವರೆಗೆ ಎಳೆಯಿತು.

ನನ್ನನ್ನು ಹೆಚ್ಚು ಕಾಡಿದ್ದು ಹಳದಿ ನದಿ. ಆಟದಲ್ಲಿ ಅದೊಂದು ನೀಲಿ ಗೆರೆ. ದಾಟಿ ಹೊಡೆಯುವುದು ಕಷ್ಟ. 1938ರ ಜೂನ್‌ನಲ್ಲಿ ಜಪಾನೀಯರನ್ನು ತಡೆಯಲು ಚೀನಾ ಸೈನ್ಯವೇ ಆ ನದಿಯ ಒಡ್ಡು ಒಡೆಯಿತು. ನೀರು ಸಾವಿರಾರು ಹಳ್ಳಿಗಳಿಗೆ ನುಗ್ಗಿತು. ನೆರೆ, ಹಸಿವು, ರೋಗದಿಂದ ಲಕ್ಷಾಂತರ ರೈತರು ಸತ್ತರು. ಅವರೆಲ್ಲ ಆ ಸೈನ್ಯದ ಸ್ವಂತ ಜನ.

ಇದನ್ನು ಓದುವಾಗ ನನಗೆ 2020ರ ಭೀಮಾ ನೆರೆ ನೆನಪಾಯಿತು. ಆಗ ಫೋನಿನಲ್ಲೇ ಲೆಕ್ಕ ತೆಗೆದುಕೊಂಡು ಸುದ್ದಿ ಬರೆದೆ. ಇಷ್ಟು ಎಕರೆ ಬೆಳೆ, ಇಷ್ಟು ಮನೆ. ಅಂಕಿ ತಪ್ಪಿರಲಿಲ್ಲ. ತಿಂಗಳ ಮೇಲೆ ಬೇರೆ ಕೆಲಸಕ್ಕೆ ಆ ಊರಿಗೆ ಹೋದಾಗ, ಗೋಡೆ ಬಿದ್ದ ಮನೆ ಮುಂದೆ ಕೂತಿದ್ದ ಅಜ್ಜಿಯೊಬ್ಬಳು ಕೇಳಿದಳು: “ಪೇಪರಿನ್ಯಾಗ ನೀನ ಬರದೀ ಅಂತಲ್ಲೋ ತಮ್ಮಾ, ನೀರು ಬಂದಾಗ ಎಲ್ಲಿ ನಿಂತಿದ್ದಿ?”

ಉತ್ತರ ಇರಲಿಲ್ಲ. ನಾನೂ ಮೇಲಿನಿಂದ ನಕಾಶೆ ನೋಡಿದ್ದೆ.

ಆಟ ಬಿಟ್ಟಿಲ್ಲ. ಹುಡುಗನಿಗೆ ನಾನ್‌ಜಿಂಗ್ ಕಥೆ ಹೇಳಿದೆ, ಹಳದಿ ನದಿಯದೂ ಹೇಳಿದೆ. ಈಗ ನೆರೆ ಸುದ್ದಿ ಬಂದರೆ ಬೈಕಿಗೆ ಪೆಟ್ರೋಲ್ ಹಾಕಿಸಿ ಮೊದಲು ಊರಿಗೆ ಹೋಗುತ್ತೇನೆ. ಸುದ್ದಿಗೆ ಸಿಗುವ ಹಣ ಪೆಟ್ರೋಲಿಗೆ ಸಾಲುವುದಿಲ್ಲ. ಆದರೂ ಹೋಗುತ್ತೇನೆ.