ಅಪ್ಪಯ್ಯ ಹೋಟೆಲಿಗೆ ಹೋದದ್ದು

ನಮ್ಮ ಆಫೀಸಿನ ಸಾಹೇಬರು ಹೋದ ವರ್ಷ ಗ್ರೀಸ್ ದೇಶಕ್ಕೆ ಹೋಗಿ ಬಂದರು. ಹೋಗಿ ಬಂದವರು ಅವರಾದರೂ ಪ್ರವಾಸದ ಆಯಾಸವನ್ನು ಅನುಭವಿಸಿದವರು ನಾವು. ಒಂದು ವಾರದ ತನಕ ಊಟದ ಬಿಡುವಿನಲ್ಲಿ ಡಬ್ಬಿಯ ಮುಚ್ಚಳ ತೆಗೆಯುವುದಕ್ಕೆ ಮೊದಲು ಅವರ ಮೊಬೈಲಿನ ಚಿತ್ರಗಳನ್ನು ನೋಡಬೇಕಾಗುತ್ತಿತ್ತು. ಅಥೆನ್ಸಿನ ಗುಡ್ಡದ ಮೇಲೆ ಪಾರ್ಥೆನಾನ್ ಗುಡಿಯ ಮುಂದೆ ಸಾಹೇಬರು. ಸಾಂತೊರಿನಿ ದ್ವೀಪದ ಬಿಳಿ ಮನೆಗಳ ನಡುವೆ ಸಾಹೇಬರು. ಅದೇ ದ್ವೀಪದ ಹೋಟೆಲಿನ ಕೋಣೆಯಲ್ಲಿ, ಕೋಣೆಯ ಮುಂದಿನ ಪುಟ್ಟ ಈಜುಕೊಳದಲ್ಲಿ ಮತ್ತೆ ಸಾಹೇಬರು. ಕ್ರಿಸ್ತಪೂರ್ವ 447ರಲ್ಲಿ ಕಟ್ಟಲು ತೊಡಗಿದ ಗುಡಿಯ ಬಗೆಗೆ ಅವರು ಎರಡು ಮಾತು ಹೇಳಿದರೆ ಹೋಟೆಲಿನ ಬಗೆಗೆ ಇಪ್ಪತ್ತು ಮಾತು. ಒಂದು ರಾತ್ರಿಯ ಬಾಡಿಗೆ ಎಷ್ಟೆಂದು ಕೇಳಿದ ನನ್ನ ಪಕ್ಕದ ಮೇಜಿನವರು ಕೈಯಲ್ಲಿದ್ದ ಚಪಾತಿಯನ್ನೇ ಮರೆತರು.

ನಾನು ಇತಿಹಾಸ ಓದಿ ಬಿ.ಎ. ಆದವನು. ಗುಮಾಸ್ತನಿಗೆ ಇತಿಹಾಸದಿಂದ ಹಳೆಯ ಕಡತ ಹುಡುಕುವಾಗ ಬೇಕಾಗುವ ತಾಳ್ಮೆಯೊಂದನ್ನು ಬಿಟ್ಟು ಬೇರೆ ಲಾಭವಿಲ್ಲ. ಆದರೂ ಹಳೆಯ ಚಟ. ಮನೆಗೆ ಬಂದು ಗ್ರೀಸಿನ ವಿಷಯ ಸಿಕ್ಕಿದಷ್ಟು ಓದಿದೆ. ಒಂದು ಸಂಗತಿ ಮನಸ್ಸಿಗೆ ನಾಟಿತು. ಸಾಹೇಬರು ಮಲಗಿದ್ದ ಆ ಬೆಲೆಬಾಳುವ ಕೋಣೆಗಳಂಥವು ಹಿಂದೆ ಬಡ ನಾವಿಕರ ಮನೆಗಳಂತೆ. ಹಡಗಿನ ಯಜಮಾನರು ಮೇಲೆ ದೊಡ್ಡ ಮನೆ ಕಟ್ಟಿಕೊಂಡರೆ, ಹಡಗಿನ ಆಳುಗಳು ಜ್ವಾಲಾಮುಖಿಯ ಬೂದಿಗಟ್ಟಿದ ದರೆಯನ್ನು ಕೊರೆದು ಗವಿಯಂಥ ಮನೆ ಮಾಡಿಕೊಳ್ಳುತ್ತಿದ್ದರು. 1956ರ ಭೂಕಂಪದಲ್ಲಿ ದ್ವೀಪ ಹಾಳಾಗಿ ಬಹಳ ಮಂದಿ ಬಿಟ್ಟುಹೋದರು. ಮುಂದೆ ಆ ಗವಿಗಳಿಗೇ ಸುಣ್ಣ ಬಳಿದು ಹೋಟೆಲು ಮಾಡಿದರು. ಬಡವನು ಬೇರೆ ಗತಿಯಿಲ್ಲದೆ ಮಲಗಿದ ಜಾಗದಲ್ಲಿ ಮಲಗುವುದಕ್ಕೆ ಶ್ರೀಮಂತನು ಸಮುದ್ರ ದಾಟಿ ಬರುತ್ತಾನೆ. ಕಾಲದ ತಮಾಷೆ ಎಂದರೆ ಇದು.

ಇನ್ನೊಂದು ಸಂಗತಿ ನಮ್ಮ ಕಲ್ಯಾಣದ್ದು. ಬಸವಣ್ಣನವರ ಕಲ್ಯಾಣವಲ್ಲ, ನಾವು ಬೆಳಗ್ಗೆ ಏಳೂಕಾಲರ ಲೋಕಲಿಗೆ ಜೋತುಬೀಳುವ ಕಲ್ಯಾಣ. ಕ್ರಿಸ್ತಶಕದ ಒಂದನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ‘ಪೆರಿಪ್ಲಸ್’ ಎಂಬ ಸಮುದ್ರಯಾನದ ಕೈಪಿಡಿಯಲ್ಲಿ ಇದರ ಹೆಸರು ‘ಕಲ್ಲಿಯೇನ’ ಎಂದು ಇದೆ. ಒಂದು ಕಾಲಕ್ಕೆ ಒಳ್ಳೆಯ ಪೇಟೆಯಾಗಿದ್ದ ಇಲ್ಲಿಗೆ ಆಮೇಲೆ ಗ್ರೀಕರ ಹಡಗು ಅಪ್ಪಿತಪ್ಪಿ ಬಂದರೂ ಅದನ್ನು ಕಾವಲು ಹಾಕಿ ಭರೂಚಿಗೆ ಸಾಗಿಸುತ್ತಿದ್ದರಂತೆ. ಸಾಹೇಬರಿಗೆ ಇದನ್ನು ಹೇಳಿದಾಗ ಅವರು, “ಹಾಗಾದರೆ ಹೋಟೆಲು ಇರಲಿಲ್ಲವೋ?” ಎಂದು ಕೇಳಿದರು.

ಗ್ರೀಕರಲ್ಲಿ ‘ಕ್ಸೇನೋಸ್’ ಎಂಬ ಮಾತಿಗೆ ಪರಕೀಯನೆಂದೂ ಅರ್ಥ, ಅತಿಥಿಯೆಂದೂ ಅರ್ಥ. ಹೋಟೆಲಿಗೆ ಅವರು ಇಂದಿಗೂ ಹೇಳುವ ಹೆಸರು ಆ ಮಾತಿನಿಂದಲೇ ಹುಟ್ಟಿದ್ದು. ಇದನ್ನು ಓದಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ಪಕ್ಕದ ಕೋಣೆಯಲ್ಲಿ ಅಪ್ಪಯ್ಯ ಕೆಮ್ಮುತ್ತಿದ್ದರು.

ನಮ್ಮ ಅಪ್ಪಯ್ಯ ಕುಂದಾಪುರದ ಕಡೆಯ ಒಂದು ಹಳ್ಳಿಯಿಂದ 1968ರಲ್ಲಿ, ಹನ್ನೆರಡನೆಯ ವಯಸ್ಸಿಗೆ, ಊರವರೊಬ್ಬರ ಕೈ ಹಿಡಿದು ಮುಂಬಯಿಗೆ ಬಂದವರು. ಹೋಟೆಲಿನಲ್ಲಿ ಮೊದಲು ಲೋಟ ತೊಳೆಯುವುದು, ಆಮೇಲೆ ಮೇಜು ಒರಸುವುದು, ಆಮೇಲೆ ಮಾಣಿ. ಹಗಲು ಕೆಲಸ, ಸಂಜೆ ಕನ್ನಡದ ರಾತ್ರಿಶಾಲೆಯಲ್ಲಿ ಏಳನೆಯ ಇಯತ್ತೆಯ ತನಕ ಪಾಠ. ಹೋಟೆಲು ಮುಚ್ಚಿದ ಮೇಲೆ ಮೇಜುಗಳನ್ನು ಜೋಡಿಸಿ ಅದರ ಮೇಲೆ ನಿದ್ದೆ. ಅಕ್ಕರ್ ಎಂಬ ಹಳ್ಳಿಯಿಂದ ಹುಡುಗನಾಗಿ ಬಂದ ಎ. ರಾಮ ನಾಯಕರು ಮುಂದೆ 1942ರಲ್ಲಿ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದು ಹೆಸರಾದರು. ಅಂಥವರ ಕತೆ ನಮ್ಮ ಸಂಘದ ಸಭೆಗಳಲ್ಲಿ ಎಷ್ಟು ಸಲ ಕೇಳಿದ್ದೇವೆ! ನಮ್ಮ ಅಪ್ಪಯ್ಯ ಯಜಮಾನರಾಗಲಿಲ್ಲ. ಮಾಣಿಯಾಗಿ ಬಂದವರು ಮಾಣಿಯಾಗಿಯೇ 2017ರಲ್ಲಿ ಕೆಲಸ ಬಿಟ್ಟರು. ಆ ದುಡಿಮೆಯಲ್ಲಿ ನನ್ನನ್ನು ಬಿ.ಎ. ತನಕ ಓದಿಸಿದರು. ಅಮ್ಮ ತೀರಿಕೊಂಡ ಮೇಲೆ ನಮ್ಮೊಡನೆ ಕಲ್ಯಾಣದಲ್ಲೇ ಇದ್ದಾರೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಶಾಲೆಯ ಅರ್ಜಿಯಿಂದ ಹಿಡಿದು ಮದುವೆಯ ಮಾತುಕತೆಯ ತನಕ, ‘ತಂದೆಯ ಉದ್ಯೋಗ’ ಎಂದು ಕೇಳಿದಲ್ಲೆಲ್ಲ ನಾನು ‘ಖಾಸಗಿ ನೌಕರಿ’ ಎಂದೇ ಬರೆದವನು. ಸುಳ್ಳಲ್ಲ. ದಿನವಿಡೀ ಅರ್ಜಿಗಳನ್ನು ನೋಡುವ ನನಗೆ, ಸುಳ್ಳಲ್ಲದೆಯೂ ನಿಜವನ್ನು ಮುಚ್ಚುವ ಬಗೆ ಚೆನ್ನಾಗಿ ಗೊತ್ತು.

ಆ ರಾತ್ರಿ ನನಗೆ ಹೊಳೆದದ್ದು ಇಷ್ಟೆ: ನಲವತ್ತೊಂಬತ್ತು ವರ್ಷ ಹೋಟೆಲಿನಲ್ಲೇ ಕಳೆದ ಈ ಮನುಷ್ಯ ಒಂದು ದಿನವೂ ಹೋಟೆಲಿನಲ್ಲಿ ಅತಿಥಿಯಾಗಿ ಮಲಗಿದ್ದಿಲ್ಲ.

ಸರಕಾರ ನಮಗೆ ನಾಲ್ಕು ವರ್ಷಕ್ಕೊಮ್ಮೆ ಭಾರತದ ಯಾವ ಮೂಲೆಗಾದರೂ ಹೋಗಿಬರಲು ಪ್ರಯಾಣದ ಖರ್ಚು ಕೊಡುತ್ತದೆ, ಆಶ್ರಿತರಾದ ತಂದೆತಾಯಿಯರಿಗೂ ಸೇರಿಸಿ. ಉಳಿದುಕೊಳ್ಳುವ ಖರ್ಚು ಕೊಡುವುದಿಲ್ಲ. ನಾನು ಹಂಪಿಯನ್ನು ಆರಿಸಿದೆ. ಮೂರು ರಾತ್ರಿಗಳಲ್ಲಿ ಎರಡನ್ನು ಕಮಲಾಪುರದಲ್ಲಿ ಪ್ರವಾಸೋದ್ಯಮ ನಿಗಮದವರ ಮಯೂರ ಭುವನೇಶ್ವರಿಯಲ್ಲಿ ಕಳೆಯುವುದೆಂದೂ ಕೊನೆಯ ರಾತ್ರಿ ಆ ಕಡೆಯ ಒಂದು ಭಾರಿ ಹೋಟೆಲಿನಲ್ಲಿ ತಂಗುವುದೆಂದೂ ಗೊತ್ತುಮಾಡಿದೆ. ಹೆಸರು ಹೇಳಿದರೆ ಜಾಹೀರಾತಾದೀತು, ಬೇಡ. ಬಾಡಿಗೆ ನನ್ನ ಹದಿನೈದು ದಿನದ ಸಂಬಳ. ನನ್ನಾಕೆ ಒಂದು ಗಳಿಗೆ ಸುಮ್ಮನಿದ್ದು, “ವಾಷಿಂಗ್ ಮೆಶಿನು ಬರುವ ವರ್ಷ ತಂದರಾಯಿತು” ಎಂದಳು. ಅಪ್ಪಯ್ಯನಿಗೆ ಬಾಡಿಗೆಯ ಸಂಗತಿ ತಿಳಿಸಲಿಲ್ಲ.

ರಾತ್ರಿ ಕಲ್ಯಾಣದಲ್ಲಿ ಗದಗಿನ ಗಾಡಿ ಹತ್ತಿದೆವು. ಅಪ್ಪಯ್ಯನಿಗೆ ಕರ್ನಾಟಕವೆಂದರೆ ತೆಂಗು, ಮಳೆ, ಹೊಳೆ. ಬೆಳಗಾದ ಮೇಲೆ ವಿಜಯಪುರ, ಬಾಗಲಕೋಟೆಗಳ ಬಯಲನ್ನು ಕಿಟಕಿಯಿಂದ ನೋಡುತ್ತ, “ಇದೂ ನಮ್ಮದೇಯಾ?” ಎಂದು ಎರಡು ಸಲ ಕೇಳಿದರು. ಬಾದಾಮಿಯ ಕೆಂಪು ಬೆಟ್ಟ ದೂರದಿಂದ ಕಂಡು ಮರೆಯಾಯಿತು. ಗದಗಿನಿಂದ ಹೊಸಪೇಟೆ, ಅಲ್ಲಿಂದ ಕಮಲಾಪುರ.

ಹಂಪಿಯನ್ನು ನಾನು ಬಣ್ಣಿಸಹೊರಟರೆ ಸಂಪಾದಕರು ಕತ್ತರಿ ಹಿಡಿದಾರು. ವಿರೂಪಾಕ್ಷ ಗುಡಿಯ ಹಿಂದಿನ ಕತ್ತಲೆಯ ಕೋಣೆಯಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಗೋಡೆಯ ಮೇಲೆ ಬೀಳುವುದನ್ನು ನೋಡಿ ಮಗಳು ಕುಣಿದಳು. ವಿಠ್ಠಲ ಗುಡಿಯ ಕಲ್ಲಿನ ರಥದ ಮುಂದೆ ಐವತ್ತು ರೂಪಾಯಿಯ ನೋಟನ್ನು ಹಿಡಿದು ಎರಡೂ ಒಂದೇ ಎಂದು ತೀರ್ಪು ಕೊಟ್ಟಳು. 1336ರಲ್ಲಿ ಮೊದಲಾಗಿ 1565ರ ಯುದ್ಧದಲ್ಲಿ ಹಾಳಾದ ಊರು. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಇದನ್ನೆಲ್ಲ ನಾನು ಹೇಳುತ್ತ ಹೋದೆ. ಅಪ್ಪಯ್ಯ ಹೂಂಗುಟ್ಟುತ್ತ ಬಂದರು.

ಅವರು ತಾವಾಗಿ ನಿಂತದ್ದು ಒಂದೇ ಕಡೆ. ಅರಮನೆಯ ನೆಲೆಗಳ ಆಸುಪಾಸಿನಲ್ಲಿ ರಸ್ತೆಯ ಬದಿಗೆ ಭೋಜನಶಾಲೆ ಎಂದು ಕರೆಯುವ ಜಾಗವೊಂದಿದೆ. ನೀರಿನ ಕಾಲುವೆ, ಅದರ ಎರಡು ಪಕ್ಕಕ್ಕೂ ಸಾಲಾಗಿ ಕಲ್ಲಿನ ತಟ್ಟೆಗಳು. ಅನ್ನಕ್ಕೆ, ಪಲ್ಯಕ್ಕೆ, ಸಾರಿಗೆ ಬೇರೆ ಬೇರೆ ಗುಳಿಗಳನ್ನು ತಟ್ಟೆಯಲ್ಲೇ ಕೊರೆದಿದ್ದಾರೆ. ಅಪ್ಪಯ್ಯ ಕುಕ್ಕುರುಗಾಲಿನಲ್ಲಿ ಕುಳಿತು ಒಂದು ತಟ್ಟೆಯನ್ನು ಕೈಯಿಂದ ಸವರಿದರು. ಎದ್ದು ಸಾಲಿನುದ್ದಕ್ಕೂ ನಡೆದರು, ತಿರುಗಿ ಬಂದರು.

“ಉಂಬವ ಹೀಂಗೆ ಕೂತರೆ ಬಡಿಸುವವ ಎಲ್ಲಿ ನಡೀತಿದ್ದ?” ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಯಾವ ಪುಸ್ತಕದಲ್ಲೂ ನಾನು ಅದನ್ನು ಹುಡುಕಿರಲಿಲ್ಲ. ಅವರೇ ಲೆಕ್ಕ ಹಾಕಿದರು: ತಟ್ಟೆ ತೊಳೆಯಲು ನೀರು ಕೈಗೆಟಕುವಲ್ಲೇ ಇದೆ, ಎತ್ತಿಕೊಂಡು ಹೋಗುವ ಕೆಲಸವಿಲ್ಲ. “ಇದನ್ನು ಮಾಡಿಸಿದವನಿಗೆ ಹೋಟೆಲಿನ ಕೆಲಸ ಗೊತ್ತಿತ್ತು” ಎಂದರು. ಆಗ ನಾನು 1443ರಲ್ಲಿ ಹೆರಾತಿನ ಸುಲ್ತಾನನ ರಾಯಭಾರಿಯಾಗಿ ಇಲ್ಲಿಗೆ ಬಂದ ಅಬ್ದುರ್ ರಜಾಕನ ಕತೆ ಹೇಳಿದೆ. ಅವನಿಗೆ ಅರಮನೆಯಿಂದ ದಿನವೂ ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಮೇಲಿಂದ ಎರಡು ವರಹ ಸಲ್ಲುತ್ತಿತ್ತೆಂದು ಅವನೇ ಬರೆದಿಟ್ಟಿದ್ದಾನೆ. ಅಪ್ಪಯ್ಯ ನಕ್ಕು, “ಅವನೊಬ್ಬನೇ ತಿನ್ನಲಿಲ್ಲ. ಆಳುಮಕ್ಕಳಿಗೂ ಸಿಕ್ಕಿತು, ಬಿಡು” ಎಂದರು. ಇತಿಹಾಸವನ್ನು ನಾನು ಸಿಂಹಾಸನದ ಕಡೆಯಿಂದ ಓದಿದ್ದೆ. ಅವರು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಮೂರನೆಯ ಸಂಜೆ ದೊಡ್ಡ ಹೋಟೆಲಿಗೆ ಹೋದೆವು. ಕಮಾನು, ಕೊಳ, ಕಂಬಸಾಲು, ಎಲ್ಲವೂ ಹಂಪಿಯ ನಕಲು. ಒಡೆದದ್ದು ಮಾತ್ರ ಒಂದೂ ಇಲ್ಲ. ಬಂದವರ ವಿವರದ ಹಾಳೆಯಲ್ಲಿ ಉದ್ಯೋಗದ ಕಲಮು ಇತ್ತು. ಕೈ ಅಭ್ಯಾಸ, ಅಪ್ಪಯ್ಯನ ಹೆಸರಿನೆದುರು ‘ಖಾಸಗಿ ನೌಕರಿ, ನಿವೃತ್ತ’ ಎಂದು ಬರೆದೆ. ಅವರು ಪಕ್ಕದಲ್ಲೇ ಇದ್ದರು. ಓದಿದರು. ಏನೂ ಹೇಳಲಿಲ್ಲ.

ಊಟಕ್ಕೆ ಕುಳಿತಾಗ ಅಪ್ಪಯ್ಯನ ಕಣ್ಣು ತಟ್ಟೆಯ ಮೇಲಿರಲಿಲ್ಲ. ಯಾರ ಲೋಟದಲ್ಲಿ ನೀರು ಮುಗಿಯಿತೆಂದು ಸುತ್ತಲಿನ ಮೇಜುಗಳ ಮೇಲೆ ಓಡುತ್ತಿತ್ತು. ಬಡಿಸುತ್ತಿದ್ದವನು ಇಪ್ಪತ್ತರ ಆಚೀಚಿನ ಹುಡುಗ, ಕೆಲಸಕ್ಕೆ ಹೊಸಬ. ಸಾರಿನ ಬಟ್ಟಲನ್ನು ಇಡುವಾಗ ಅವನ ಕೈ ನಡುಗಿ ಅಪ್ಪಯ್ಯನ ಹೊಸ ಬಿಳಿಯ ಅಂಗಿಯ ಮೇಲೆ ಸಾರು ಚೆಲ್ಲಿತು. ಆ ಅಂಗಿ ನಾನು ಈ ದಿನಕ್ಕೆಂದೇ ತಂದದ್ದು. ನನಗೆ ಸಿಟ್ಟು ಬಂತು. ಹದಿನೈದು ದಿನದ ಸಂಬಳ ಕೊಟ್ಟವನ ಸಿಟ್ಟು ಅದು, ಬಾಯಿ ತೆರೆದೆ. ಅಷ್ಟರಲ್ಲಿ ಕೋಟು ಹಾಕಿದ ಮೇಲ್ವಿಚಾರಕ ಓಡಿ ಬಂದ. ಹುಡುಗನ ಮುಖ ಬಿಳುಚಿತು.

ಅಪ್ಪಯ್ಯ ಎದ್ದು ನಿಂತರು. “ಅವನದ್ದಲ್ಲ, ನನ್ನ ಮೊಣಕೈ ತಾಗಿತು. ನನಗೆ ಈಗ ಕೈ ನಡುಗುತ್ತದೆ” ಎಂದರು. ಮೇಲ್ವಿಚಾರಕ ಕ್ಷಮೆ ಕೇಳಿ ಹೋದ. ಹುಡುಗ ನಿಂತೇ ಇದ್ದ. “ಬಟ್ಟಲು ಬಿಸಿ ಇರುವಾಗ ಅಡಿಗೆ ಬಟ್ಟೆ ಇಟ್ಟು ಹಿಡಿ ಮಗ. ಊಟ ಆಯಿತಾ ನಿಂದು?” ಎಂದು ಕೇಳಿದರು. ಇಲ್ಲವೆಂದು ತಲೆಯಾಡಿಸಿದ.

ಕೋಣೆಗೆ ಬಂದ ಮೇಲೆ, ನಾನು ಕೇಳದೆ ಇದ್ದರೂ ಹೇಳಿದರು. ಮುಂಬಯಿಗೆ ಬಂದ ಮೊದಲ ವರ್ಷ ಗಿರಾಕಿಯೊಬ್ಬರ ಕೋಟಿನ ಮೇಲೆ ಚಾ ಚೆಲ್ಲಿದರಂತೆ. ಎಲ್ಲರ ಮುಂದೆ ಏಟು ಬಿತ್ತು, ತಿಂಗಳ ಪಗಾರ ಹೋಯಿತು. “ಏಟು ಮರೆತುಹೋಯಿತು. ಆ ಗಿರಾಕಿ ಮಾತ್ರ ನೆನಪಿದ್ದಾನೆ. ಅವ ಸುಮ್ಮನೆ ನೋಡುತ್ತ ಕೂತಿದ್ದ” ಎಂದರು. ನಾನು ದೀಪ ಆರಿಸಿದೆ. ಇನ್ನೊಂದು ಗಳಿಗೆ ತಡವಾಗಿದ್ದರೆ ಆ ಮೇಜಿನಲ್ಲಿ ಸಿಟ್ಟಿನಿಂದ ಬಾಯಿ ತೆರೆದ ಗಿರಾಕಿ ನಾನೇ.

ಅಂಥ ಮೆತ್ತನೆಯ ಹಾಸಿಗೆಯಲ್ಲಿ ಅಪ್ಪಯ್ಯನಿಗೆ ನಿದ್ದೆ ಬಾರದೆಂದು ನಾನು ಎಣಿಸಿದ್ದೆ. ದಿನವೂ ನಾಲ್ಕಕ್ಕೆ ಏಳುವ ಮನುಷ್ಯ ಎಂಟಾದರೂ ಏಳಲಿಲ್ಲ. ನಾನು ಹೆದರಿ ಎರಡು ಸಲ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದೆ. ಎದ್ದು ಕುಳಿತವರು, “ಈ ನಮೂನೆ ಹಾಸಿಗೆ ಇದ್ದಿದ್ದರೆ ಮುಂಬಯಿಯಲ್ಲಿ ಯಾರೂ ಕೆಲಸಕ್ಕೆ ಹೋಗುತ್ತಿರಲಿಲ್ಲ” ಎಂದರು. ಆಮೇಲೆ ಹೊದಿಕೆ ಮಡಚಿ, ದಿಂಬು ತಟ್ಟಿ, ಚಾ ಕುಡಿದ ಬಟ್ಟಲುಗಳನ್ನು ತೊಳೆದಿಟ್ಟರು. ಅದಕ್ಕೆಲ್ಲ ಜನ ಇದ್ದಾರೆಂದು ನಾನು ಹೇಳಿದ್ದಕ್ಕೆ, “ಇದ್ದಾರೆ. ಅವರಿಗೆ ಒಂದು ಕೆಲಸ ಕಮ್ಮಿಯಾಗಲಿ” ಎಂದು ಉತ್ತರ.

ಹೊರಡುವಾಗ ಅತಿಥಿಗಳ ಅಭಿಪ್ರಾಯ ಬರೆಯುವ ದಪ್ಪ ಪುಸ್ತಕವನ್ನು ಮುಂದಿಟ್ಟರು. ನಾನು ಪೆನ್ನು ತೆಗೆದೆ. ಅಪ್ಪಯ್ಯ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. ರಾತ್ರಿಶಾಲೆಯ ದುಂಡಗಿನ ಅಕ್ಷರದಲ್ಲಿ, ನಿಧಾನವಾಗಿ, ಕನ್ನಡದಲ್ಲೇ ಬರೆದರು: ‘ಹುಡುಗರು ಚೆನ್ನಾಗಿ ನೋಡಿಕೊಂಡರು. ಅವರ ಊಟ ಸ್ವಲ್ಪ ಬೇಗ ಆಗಲಿ.’ ಕೆಳಗೆ ತಮ್ಮ ಹೆಸರು. ಹೆಸರಿನ ಕೆಳಗೆ ‘ಹೋಟೆಲ್ ಮಾಣಿ, ಮುಂಬಯಿ, 49 ವರ್ಷ’.

ಪೆನ್ನನ್ನು ನನಗೆ ತಿರುಗಿ ಕೊಟ್ಟರು. ಆಗಲೂ ಏನೂ ಹೇಳಲಿಲ್ಲ.

ಹಂಪಿಗೆ ಹೋಗುವ ವಾಚಕರು ಭೋಜನಶಾಲೆಯನ್ನು ತಪ್ಪಿಸಬಾರದು. ಕಲ್ಲಿನ ರಥಕ್ಕೆ ಕೊಟ್ಟಷ್ಟು ಹೊತ್ತನ್ನು ಅದಕ್ಕೂ ಕೊಡಬೇಕು. ಮನೆಯಲ್ಲಿ ಹೋಟೆಲಿನ ಕೆಲಸ ಮಾಡಿದ ಹಿರಿಯರಿದ್ದರೆ ಜೊತೆಗೆ ಕರೆದುಕೊಂಡು ಹೋಗಿರಿ. ನಮ್ಮ ಸಂಘದಲ್ಲಿ ಅಂಥವರಿಲ್ಲದ ಮನೆ ಎಷ್ಟಿವೆ? ದೊಡ್ಡ ಹೋಟೆಲಿನ ಮಾತು ಅವರವರ ಕಿಸೆಗೆ ಬಿಟ್ಟದ್ದು. ನಮ್ಮ ಮನೆಗೆ ವಾಷಿಂಗ್ ಮೆಶಿನು ಇನ್ನೂ ಬಂದಿಲ್ಲ.

ಸಾಹೇಬರು ಹಂಪಿಯ ಚಿತ್ರ ತೋರಿಸೆಂದರು. ಆ ಪುಸ್ತಕದ ಪುಟದ ಚಿತ್ರವನ್ನು ಮೊದಲು ತೋರಿಸಿದೆ. ಅವರಿಗೆ ಕನ್ನಡ ಬಾರದು. ಏನು ಬರೆದಿದೆಯೆಂದು ಕೇಳಿದರು. ಮರಾಠಿಯಲ್ಲಿ ಓದಿ ಹೇಳಿದೆ, ಕೊನೆಯ ಸಾಲನ್ನೂ ಬಿಡದೆ. ನನ್ನ ಪಕ್ಕದ ಮೇಜಿನವರು ಡಬ್ಬಿ ಮುಚ್ಚಿ, “ನಲವತ್ತೊಂಬತ್ತು ವರ್ಷವೇ!” ಎಂದರು. ಹೌದು ಎಂದೆ.