ಪದ ಮುಗಿದ ಮೇಲಿನ ಮಾತು

ಪದವೊಂದು ಮುಗಿದ ಮೇಲೆ ಯಾರೂ ಬಾಯಿ ಬಿಡದಿದ್ದರೆ ನಮ್ಮ ಪೇಟಿ ಕಾಕಾ ಅವರಿಗೆ ಸಮಾಧಾನವಿಲ್ಲ. "ಕೇಳಿದ್ರಿ ಇಲ್ಲೊ? ಏನರ ಅನ್ರಲ್ಲ" ಎಂದು ಒಬ್ಬೊಬ್ಬರ ಮುಖ ನೋಡುತ್ತಾರೆ. ಭಜನಿ ಮೇಳದಲ್ಲಿ ಪೇಟಿ ನುಡಿಸುತ್ತಲೇ ತಲೆ ನೆರೆತವರು ಅವರು. ಹೊರ್ತಿಯ ಟೇಲರ್ ಮಾಮಾನ ಮನೆಯ ಕಟ್ಟೆಯೇ ನಮ್ಮ ಬೈಠಕ್ಕು. ಅಂಗಡಿ ಮುಚ್ಚಿ ಬಂದ ಮಾಮಾ, ಟ್ರ್ಯಾಕ್ಟರ್ ಓಡಿಸುವ ಒಬ್ಬ ತಮ್ಮ, ಹೊಸ್ತಿಲ ಮೇಲೆ ಕೂತು ಕಾಳು ಆರಿಸುತ್ತ ಎಲ್ಲವನ್ನೂ ಕೇಳಿಸಿಕೊಳ್ಳುವ ಅತ್ತಿ, ಕಾಕಾ ಮತ್ತು ನಾನು. ಮೊಬೈಲಿಗೆ ಜೋಡಿಸಿದ ಸಣ್ಣ ಸ್ಪೀಕರು ನಡುವೆ. ವಿಜಯಪುರ–ಸೊಲ್ಲಾಪುರ ಹೆದ್ದಾರಿಯ ಲಾರಿಗಳು ಆಗಾಗ ತಮ್ಮದೂ ಒಂದು ದನಿ ಸೇರಿಸುತ್ತವೆ.

ನಮ್ಮಲ್ಲಿ ಒಂದೇ ಕಟ್ಟಳೆ. ಒಂದು ಆಲ್ಬಂ ಹಚ್ಚಿದರೆ ಮೊದಲ ಹಾಡಿನಿಂದ ಕೊನೆಯ ಹಾಡಿನ ತನಕ ಕೇಳಬೇಕು, ನಡುವೆ ಜಿಗಿಯಬಾರದು. ಸಿನಿಮಾದ ಹಾಡು ಬೇಡ. ಸಿನಿಮಾದ ಹಾಡಿಗೆ ಕತೆ ಇದೆ, ನಟ ಇದ್ದಾನೆ, ದೊಡ್ಡ ಕಂಪನಿ ಇದೆ. ಯಾರ ಆಸರೆಯೂ ಇಲ್ಲದೆ ಹಾಡೇ ತನ್ನ ಕಾಲ ಮೇಲೆ ನಿಂತು ಬರುವ ಆಲ್ಬಮ್ಮುಗಳಿಗೆ ಕೇಳುವವರ ಮಾತು ಬೇಕು. ಆ ಮಾತು ಸಿಗದಿದ್ದರೆ ಅಂಥ ಹಾಡು ಅರ್ಧಕ್ಕೇ ನಿಂತಿರುತ್ತದೆ ಎಂಬುದು ನನ್ನ ನಂಬಿಕೆ.

ಹಿಂದೆ ಕ್ಯಾಸೆಟ್ಟಿನ ಕಾಲದಲ್ಲಿ ಈ ಕಟ್ಟಳೆಯನ್ನು ಯಾರೂ ಹೇರಬೇಕಿರಲಿಲ್ಲ. 1978ರಲ್ಲಿ ಮೈಸೂರು ಅನಂತಸ್ವಾಮಿಯವರು ನಿಸಾರ್ ಅಹಮದರ ಕವಿತೆಗಳಿಗೆ ರಾಗ ಹಾಕಿದ 'ನಿತ್ಯೋತ್ಸವ' ಬಂದಾಗಿನಿಂದ ಸುಗಮ ಸಂಗೀತವೆಂಬುದು ಕ್ಯಾಸೆಟ್ಟಿನಲ್ಲಿಯೇ ಬೆಳೆಯಿತು. ಟೇಪು ಹಿಂದೆ ಮುಂದೆ ಓಡಿಸಿದರೆ ಸುತ್ತಿಕೊಳ್ಳುವ ಭಯ. ಹೀಗಾಗಿ ಒಂದು ಬದಿ ಪೂರ್ತಿ ಮುಗಿಯಬೇಕು, ಆಮೇಲೆ ತಿರುವಿ ಹಾಕಬೇಕು. ತಿರುವುವ ಆ ಎರಡು ನಿಮಿಷದಲ್ಲಿ ಮಾತು ತಾನಾಗಿಯೇ ಹುಟ್ಟುತ್ತಿತ್ತು. ಸಿ. ಅಶ್ವತ್ಥರು ಶಿಶುನಾಳ ಶರೀಫರ ಪದಗಳನ್ನು ಹಾಡಿದ ಕ್ಯಾಸೆಟ್ಟು ನಮ್ಮ ಕಡೆಯ ಊರುಗಳಿಗೆ ಬಂದಾಗ ಭಜನಿ ಮೇಳದವರು ಇಂಥ ಎರಡು ನಿಮಿಷಗಳನ್ನು ರಾತ್ರಿಗಟ್ಟಲೆ ಬೆಳೆಸಿದ್ದರಂತೆ. "ಶರೀಫಜ್ಜನ ಪದ ನಾವೂ ಹಾಡ್ತೇವಿ. ಇವ್ರು ಹಿಂಗ್ಯಾಕ ಹಾಡ್ಯಾರ ಅಂತ ಜಗಳಾನ ಹತ್ತಿತ್ತು" ಎಂದು ಕಾಕಾ ನೆನೆಯುತ್ತಾರೆ. ಆ ಜಗಳದಲ್ಲಿ ಅವರು ಯಾವ ಪಕ್ಷ ಎಂದು ಕೇಳಿದರೆ, ಮೊದಲು ವಿರೋಧ, ತಿಂಗಳು ಕೇಳಿದ ಮೇಲೆ ಪರವಾಗಿ ಎನ್ನುತ್ತಾರೆ.

ಈಚೆಗೆ ನಾವು ಪೂರ್ತಿಯಾಗಿ ಕೇಳಿದ್ದು ರಘು ದೀಕ್ಷಿತ್ ಅವರ ಮೊದಲ ಆಲ್ಬಂ. 2008ರಲ್ಲಿ ವಿಶಾಲ್–ಶೇಖರ್ ಜೋಡಿ ತಾವೇ ಕಟ್ಟಿದ ಸಣ್ಣ ಸಂಸ್ಥೆಯಿಂದ ಅದನ್ನು ಹೊರತಂದಿತ್ತು. ಹಿಂದಿ ಹಾಡುಗಳ ಜೊತೆಗೆ ಒಂದು ಇಂಗ್ಲಿಷ್ ಹಾಡು ಮತ್ತು ಶರೀಫರ ಎರಡು ಪದ, ಮಾಳಿಗಿ ಸೋರುವುದು ಮತ್ತು ಗುಡುಗುಡಿ ಸೇದುವುದು. ಸೊಲ್ಲಾಪುರದಲ್ಲಿ ಹೊಲಿಗೆ ಕಲಿತು ಬಂದ ಮಾಮಾನಿಗೆ ಹಿಂದಿ ಹಾಡುಗಳು ಹಿಡಿಸಿದವು. ತಮ್ಮನಿಗೆ ಒಂದು ತಕರಾರು. "ಅಣ್ಣಾ, ಹಿಂದಿ ಹಾಡಿನ ನಡುವ ಶರೀಫಜ್ಜ ಒಬ್ಬನ ಕುಂತಂಗ ಕಾಣ್ತಾನ." ಮಾಮಾ ಒಪ್ಪಲಿಲ್ಲ. ಮುಂಜಾನೆ ಮರಾಠಿಯಲ್ಲಿ ದ್ರಾಕ್ಷಿಯ ದರ ಕೇಳಿ, ಮಧ್ಯಾಹ್ನ ಹಿಂದಿಯಲ್ಲಿ ಲಾರಿಯವನೊಡನೆ ಚೌಕಾಸಿ ಮಾಡಿ, ಸಂಜೆ ಕನ್ನಡದಲ್ಲಿ ಭಜನೆಗೆ ಕೂಡುವ ಊರು ಇದು, ಆ ಹುಡುಗನ ಆಲ್ಬಂ ನಮ್ಮ ಒಂದು ದಿನ ಇದ್ದ ಹಾಗೇ ಇದೆ ಎಂಬುದು ಅವನ ವಾದ. ಆ ಮಾತು ಕೇಳಿದ ಮೇಲೆ ಆಲ್ಬಮ್ಮಿನ ಹಾಡುಗಳ ಸಾಲು ನನಗೆ ಬೇರೆಯಾಗಿಯೇ ಕೇಳಿಸತೊಡಗಿತು.

ದೊಡ್ಡ ಚರ್ಚೆ ನಡೆದದ್ದು ಮಾಳಿಗಿಯ ಪದದ ಮೇಲೆ. ಶರೀಫರು ಅಲ್ಲಿ ಹೇಳುವುದು ದೇಹವನ್ನೋ ಮನಸ್ಸನ್ನೋ, ಅದು ಎಲ್ಲರಿಗೂ ಗೊತ್ತು. ಆದರೆ ನಮ್ಮ ಸೀಮೆಯಲ್ಲಿ ಮಾಳಿಗಿ ಎಂದರೆ ಮೊದಲು ಮಾಳಿಗಿಯೇ. ಮಣ್ಣಿನ ಮೇಲ್ಮುದ್ದಿ, ನಡುವೆ ಬೆಳಕಿಂಡಿ. ಮಳೆಗಾಲದ ಮುಂಚೆ ಹಾಳಮಣ್ಣು ಹೊತ್ತು ಮೇಲೆ ಹತ್ತಿ, ಹರವಿ, ಬಡಿದು ಕೂರಿಸಬೇಕು. ಒಂದು ವರ್ಷ ಅಲಕ್ಷ್ಯ ಮಾಡಿದರೆ ಜಡಿಮಳೆಯ ರಾತ್ರಿ ಹಾಸಿಗೆ ಎಲ್ಲಿಗೆ ಎಳೆದರೂ ಅಲ್ಲಿಗೇ ಹನಿ. ಕಾಕಾ ಸ್ವಲ್ಪ ಖಾರವಾಗಿಯೇ ಹೇಳಿದರು: "ದನಿ ಚಲೋ ಅದ. ಆದ್ರ ಈ ಹುಡುಗ ಎಂದೂ ಮಾಳಿಗಿ ಹತ್ತಿಲ್ಲ. ಹಿಮ್ಮೇಳದವ್ರು ನುಡಿ ಎತ್ತಿಕೊಂಡು ಮತ್ತ ಮತ್ತ ಅನಬೇಕು. ಆವಾಗ ಕೇಳಾವಂಗ ವಿಚಾರ ಮಾಡಾಕ ಪುರಸೊತ್ತು ಸಿಗ್ತದ."

ಅತ್ತಿ ಮೊರದಿಂದ ತಲೆ ಎತ್ತಿದರು. "ಹತ್ತಬೇಕಂತ ಏನದ ಭಾವಾ? ಒಳಗ ಮಲಗಿದಾಕಿಗೆ ಹನಿ ಕೇಳಿಸ್ತದ. ಹತ್ತಾವ್ರು ಗಂಡಸರು, ಪಾತೇಲಿ ಇಡಾವ್ರು ನಾವು. ಈ ಹುಡುಗ ಒಳಗಿನಿಂದ ಹಾಡ್ಯಾನ."

ಕಾಕಾ ಸುಮ್ಮನಾದರು. ಇನ್ನೊಮ್ಮೆ ಹಚ್ಚಲು ಹೇಳಿದರು. ಎರಡನೆಯ ಸಲ ಕೇಳುವಾಗ ಅವರ ಬೆರಳು ಮೊಣಕಾಲ ಮೇಲೆ ಪೇಟಿಯ ಮನೆಗಳನ್ನು ಹುಡುಕುತ್ತಿದ್ದವು. ಹಿಮ್ಮೇಳ ಇಲ್ಲದ ಜಾಗದಲ್ಲಿ ಗಿಟಾರು ನುಡಿಯುವಷ್ಟು ಹೊತ್ತು ವಿಚಾರ ಮಾಡಲು ಪುರಸೊತ್ತು ಇದೆ ಎಂದು ಒಪ್ಪಿದರು. ಮೇಳದ ಹಾಡಿಕೆಯೇ ಮೇಲು ಎಂಬ ಮಾತನ್ನು ಮಾತ್ರ ಬಿಟ್ಟುಕೊಡಲಿಲ್ಲ. ನಾನಂತೂ ಅತ್ತಿಯ ಪಕ್ಷ. ಆ ಪದವನ್ನು ಒಳಗೆ ಮಲಗಿದವಳ ಕಿವಿಯಿಂದ ಕೇಳಬಹುದೆಂದು ಅದುವರೆಗೆ ನನಗೆ ಯಾರೂ ತೋರಿಸಿರಲಿಲ್ಲ.

ಹಾಡು ಕೇಳಿ ಕೂಡಿ ತೂಗಿ ನೋಡುವ ಈ ಅಭ್ಯಾಸಕ್ಕೆ ನಮ್ಮ ನೆಲದಲ್ಲಿ ದೊಡ್ಡ ಹಿರೀಕರಿದ್ದಾರೆ. ಹಿಂದೆ ನಮ್ಮ ಇಂಡಿ ತಾಲೂಕಿನಲ್ಲೇ ಇದ್ದ ಹಲಸಂಗಿಯ ಗೆಳೆಯರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ. ಅವರು ಬೀಸುವ ಕಲ್ಲಿನ ಮುಂದೆ ಹುಟ್ಟಿದ ತ್ರಿಪದಿಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ತಂದರು. 1933ರಲ್ಲಿ ಲಾವಣಿಗಳ 'ಜೀವನ ಸಂಗೀತ', 1935ರಲ್ಲಿ 'ಮಲ್ಲಿಗೆ ದಂಡೆ'. ಲಾವಣಿ ಕಟ್ಟಿದ ಖಾಜಾಭಾಯಿ ಅದೇ ಹಲಸಂಗಿಯವರು. ಕೇಳಿದ್ದನ್ನೆಲ್ಲ ಅಚ್ಚು ಹಾಕಲಾಗುವುದಿಲ್ಲ, ಆರಿಸಲೇಬೇಕು. ಆರಿಸುವಾಗ ಆ ಗೆಳೆಯರ ನಡುವೆ ಇದು ಇರಲಿ, ಇದು ಬೇಡ, ಈ ನುಡಿ ಇನ್ನೊಮ್ಮೆ ಹಾಡಿಸಿ ಕೇಳೋಣ ಎಂಬ ಮಾತು ನಡೆದಿರಲೇಬೇಕು. ಆ ಪುಸ್ತಕಗಳನ್ನು ನಾನು ಗೆಳೆಯರ ಅಭಿರುಚಿಯ ದಾಖಲೆಯೆಂದೇ ಓದುತ್ತೇನೆ. ಹಾಡಿದ ಹೆಣ್ಣುಮಕ್ಕಳ ಹಿಂದೆ ಆಗ ಯಾವ ಕಂಪನಿ ಇತ್ತು?

ಡೊಳ್ಳಿನ ಪದದ ಹಾಡಕಿಯಲ್ಲೂ ಇದೇ ನಡೆ. ರೇವಣಸಿದ್ಧ, ಅಮೋಘಸಿದ್ಧರ ಕತೆ ಹಿಡಿದು ಎರಡು ಮೇಳಗಳು ರಾತ್ರಿಯಿಡೀ ಎದುರುಬದುರು ಹಾಡುತ್ತವೆ. ಗೀಗೀ ಮೇಳಗಳಲ್ಲಿ ಗಂಡು ಹೆಚ್ಚೆಂಬ ಹರದೇಶಿ, ಹೆಣ್ಣು ಹೆಚ್ಚೆಂಬ ನಾಗೇಶಿ. ಒಂದು ಮೇಳ ಸವಾಲು ಹಾಕಿದರೆ ಇನ್ನೊಂದು ಪದದಲ್ಲಿಯೇ ಜವಾಬು ಕೊಡಬೇಕು. ಚಾದರ ಹೊದ್ದು ಕೂತ ಜನ ಮುಂದಿನ ಪದ ಏಳುವಷ್ಟರಲ್ಲಿ ಜವಾಬು ಕೂಡಿತೋ ಇಲ್ಲವೋ ಹೇಳಿಬಿಡುತ್ತಾರೆ. ನಮ್ಮ ಕಟ್ಟೆಯ ಮಾತಿಗೆ ಅಂಥ ಬಿರುಸಿಲ್ಲ. ಕಿವಿ ಮಾತ್ರ ಅದೇ.

ತಮ್ಮನ ಮೊಬೈಲು ತುಂಬ ಇಂದಿನ ಜಾನಪದ ಹಾಡುಗಳು. ಸಣ್ಣ ಸ್ಟುಡಿಯೋದಲ್ಲಿ ಹಾಡಿ, ತಾವೇ ಯೂಟ್ಯೂಬಿಗೆ ಹಾಕಿ, ಟ್ರ್ಯಾಕ್ಟರಿನ ಸೌಂಡ್ ಬಾಕ್ಸಿನಿಂದ ಊರೂರಿಗೆ ಮುಟ್ಟಿಸುವ ಹಾಡುಗಳು. ಮಾಳು ನಿಪನಾಳ ಅವರ ಡ್ರೈವರ್ ಹಾಡು ಕೇಳದ ಓಣಿ ನಮ್ಮ ಕಡೆ ಇಲ್ಲ. ಸ್ವತಂತ್ರ ಸಂಗೀತ ಎಂದರೆ ಬೆಂಗಳೂರಿನ ಬ್ಯಾಂಡು ಎಂದು ಬರೆಯುವವರು ಈ ಹಾಡುಗಳ ಕಡೆ ತಿರುಗಿ ನೋಡದಿರುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಈ ಹಾಡುಗಾರರಿಗೆ ಕೇಳುಗರು ಲಕ್ಷಗಟ್ಟಲೆ ಇದ್ದಾರೆ. 'ಸೂಪರ್ ಅಣ್ಣಾ' ಎನ್ನುವವರೂ ಇದ್ದಾರೆ. ಎರಡನೆಯ ನುಡಿಯಲ್ಲಿ ಮಾತು ಸಡಿಲಾಯಿತು, ಠೇಕಾ ಹೋದ ಹಾಡಿನದೇ ಇತ್ತು, ಬೇರೆ ಚಾಲಿ ಹುಡುಕು ಎಂದು ಪ್ರೀತಿಯಿಂದ ಹೇಳುವವರು ಅವರಿಗೆ ಬೇಕು. ಕಾಕಾ ಹೇಳುತ್ತಾರೆ. ತಮ್ಮನಿಗೆ ಮೊದಮೊದಲು ಸಿಟ್ಟು ಬರುತ್ತಿತ್ತು, ಈಗ ಹೊಸ ಹಾಡು ಬಂದ ಸಂಜೆ ಅವನೇ ಮೊದಲು ಕಾಕಾನ ಮುಂದೆ ಹಚ್ಚುತ್ತಾನೆ.

ಈಗ ನಮ್ಮ ತಲೆಯಲ್ಲಿ ಹೊಸ ಹುಚ್ಚು ಹೊಕ್ಕಿದೆ. ಕಾಕಾನ ಮೇಳದ ಪದಗಳನ್ನೇ ಒಂದು ಆಲ್ಬಂ ಮಾಡಬೇಕು, ಬಿಡಿಬಿಡಿಯಾಗಿ ಹಾಕಬಾರದು, ಒಂದು ಸಾಲಿನಲ್ಲಿ ಬರಬೇಕು, ಅತ್ತಿಯ ಬೀಸುವ ಪದವೂ ಒಂದಿರಬೇಕು. ಅತ್ತಿ ಹೂಂ ಎಂದಿಲ್ಲ, ಬೇಡವೆಂದೂ ಅಂದಿಲ್ಲ. ಮೊದಲ ಪದ ಯಾವುದು ಎಂಬಲ್ಲಿ ಕೆಲಸ ನಿಂತಿದೆ. ಗಣಪತಿಯ ಪದ ಹಾಡದೆ ಮೇಳ ಎಂದೂ ಸುರು ಮಾಡಿಲ್ಲ ಎನ್ನುತ್ತಾರೆ ಕಾಕಾ. ಮೊದಲ ಹತ್ತು ಸೆಕೆಂಡಿನಲ್ಲಿ ದಮಡಿ ಬಡಿಯದಿದ್ದರೆ ಜನ ಮುಂದಕ್ಕೆ ತಳ್ಳುತ್ತಾರೆ ಎನ್ನುತ್ತಾನೆ ತಮ್ಮ. ಗಣಪತಿಯ ಪದಕ್ಕೇ ದಮಡಿ ಯಾಕೆ ಬಡಿಯಬಾರದು ಎಂದು ಮಾಮಾ ನಿನ್ನೆ ಕೇಳಿದ್ದಾನೆ. ಅದಕ್ಕೆ ಕಾಕಾ ಇನ್ನೂ ಜವಾಬು ಕೊಟ್ಟಿಲ್ಲ.