ದೂರದೂರಿನ ಕೈಗಡ

ಮುಳಬಾಗಿಲು ಸೀಮೆಯ ಆವನಿಗೆ ಎರಡು ಬಗೆಯ ಜನ ಬರುತ್ತಾರೆ: ಬೇಡಿಕೊಳ್ಳುವವರು ಮತ್ತು ಕೊಳ್ಳುವವರು. ಬೆಟ್ಟದ ಮೇಲಣ ಸೀತಮ್ಮನ ಗುಡಿಗೆ ಸಂತಾನಭಾಗ್ಯವನ್ನು ಬೇಡುತ್ತ ಹೆಂಗಸರು ಹತ್ತಿಹೋಗುತ್ತಾರೆ. ಲವಕುಶರು ಹುಟ್ಟಿದ್ದು ಇಲ್ಲಿಯೇ ಎಂದು ಸ್ಥಳಪುರಾಣ ಹೇಳುತ್ತದೆ. ಬೆಟ್ಟದ ಕೆಳಗೆ, ನೊಳಂಬರ ಕಾಲದ ರಾಮಲಿಂಗೇಶ್ವರ ದೇವಾಲಯದ ಆಸುಪಾಸಿನಲ್ಲಿ, ಶಿವರಾತ್ರಿಯ ದಿನಗಳಲ್ಲಿ ದನಗಳ ಜಾತ್ರೆ ಸೇರುತ್ತದೆ. ಎತ್ತಿನ ಬಾಯಿ ತೆರೆದು ಹಲ್ಲೆಣಿಸುವ ರೈತ, ಅದರ ಸುಳಿಯನ್ನೂ ನಡೆಯನ್ನೂ ಹತ್ತು ಜನರ ಮುಂದೆ ಚರ್ಚಿಸುತ್ತಾನೆ. ತನ್ನ ಸೊಂಟದಲ್ಲಿರುವ ಹಣ ಯಾರದು ಎಂಬುದನ್ನು ಮಾತ್ರ ಯಾರಿಗೂ ಹೇಳುವುದಿಲ್ಲ. ಅದರಲ್ಲಿ ರಾಗಿ ಮಾರಿ ಬಂದದ್ದು ಒಂದು ಪಾಲು, ಹೆಂಡತಿ ಚೀಟಿ ಎತ್ತಿದ್ದು ಒಂದು ಪಾಲು, ಭಾವಮೈದುನನಿಂದ ತಂದ ಕೈಗಡ ಒಂದು ಪಾಲು.

ಕೈಗಡ ಎಂಬುದು ಎಂತಹ ಒಳ್ಳೆಯ ಮಾತು! ಅದಕ್ಕೆ ಪತ್ರವಿಲ್ಲ, ಬಡ್ಡಿಯಿಲ್ಲ. ಕೊಟ್ಟವನ ಮುಖ ಇದೆ, ಕೊಂಡವನ ನಾಚಿಕೆ ಇದೆ. ‘ಕೊಟ್ಟವ ಕೋಡಂಗಿ, ಇಸಕೊಂಡವ ವೀರಭದ್ರ’ ಎಂದು ಜನ ನಗುವುದುಂಟು. ಆದರೂ ಹಳ್ಳಿಯ ಸಂಸಾರಗಳು ನಡೆದು ಬಂದಿರುವುದು ಬಹುಮಟ್ಟಿಗೆ ಆ ಕೋಡಂಗಿಗಳ ದಯೆಯಿಂದಲೇ. ಆದರೆ ಭಾವಮೈದುನನ ಗಂಟೂ ಒಂದು ದಿನ ಬರಿದಾಗುತ್ತದೆ. ಮಳೆ ತಪ್ಪಿದ ವರ್ಷ ಊರಿಗೆ ಊರೇ ಬೇಡುವಾಗ ಕೊಡುವವರು ಯಾರು? ಆಗ ಹೊರಗಿನ ಕೈ ಬೇಕಾಗುತ್ತದೆ. ಆ ಕೈ ಹಿಂದೆ ಸಾಹುಕಾರನದಾಗಿತ್ತು. ಆಮೇಲೆ ಸಹಕಾರ ಸಂಘ ಬಂದಿತು, ಬ್ಯಾಂಕು ಬಂದಿತು, ಕಿರುಸಾಲದ ಸಂಸ್ಥೆ ಬಂದಿತು. ಕೊನೆಗೆ, ಹೆಗಲಿಗೆ ಚೀಲ ಹಾಕಿಕೊಂಡು, ಸಂಬಳವನ್ನೂ ಬಯಸದೆ, ಸಮುದ್ರದಾಚೆಯ ಸ್ವಯಂಸೇವಕನೂ ಬಂದನು.

ಈತ ಸಾಮಾನ್ಯವಾಗಿ ಇಪ್ಪತ್ತೈದು ಮೂವತ್ತರ ಪ್ರಾಯದವನು. ಅಮೆರಿಕೆಯ ಸಾನ್ ಫ್ರಾನ್ಸಿಸ್ಕೋದಲ್ಲಿ 2005ರಲ್ಲಿ ಆರಂಭವಾದ ‘ಕೀವಾ’ ಎಂಬ ಸಂಸ್ಥೆಯ ಹೆಸರನ್ನು ಆತ ಬಲ್ಲ. ಅಲ್ಲಿ ಯಾರಾದರೂ 25 ಡಾಲರ್ ಕೊಟ್ಟು, ದೂರದ ದೇಶದ ಹೊಲಿಗೆಯವಳಿಗೋ ತರಕಾರಿ ಮಾರುವವಳಿಗೋ ಸಾಲಿಗರಾಗಬಹುದು. ಸಾಲ ಪಡೆಯುವವಳ ಭಾವಚಿತ್ರವೂ ನಾಲ್ಕು ಸಾಲಿನ ಕಥೆಯೂ ಕಣ್ಣ ಮುಂದಿರುತ್ತವೆ. ಹಣ ಕೊಟ್ಟವರಿಗೆ ಬಡ್ಡಿಯಿಲ್ಲ; ಆದರೆ ನಡುವೆ ನಿಂತು ಹಂಚುವ ಸ್ಥಳೀಯ ಸಂಸ್ಥೆ ಸಾಲಗಾರಳಿಂದ ಸಾಮಾನ್ಯವಾಗಿ ಬಡ್ಡಿ ಪಡೆಯುತ್ತದೆ. ಚಿತ್ರ ಪ್ರಕಟವಾಗುವ ಹೊತ್ತಿಗೆ ಅನೇಕ ವೇಳೆ ಸಾಲ ಆಗಲೇ ಕೈಸೇರಿರುತ್ತದೆ ಎಂಬುದು 2009ರಲ್ಲಿ ದೊಡ್ಡ ಚರ್ಚೆಯಾಯಿತು. ಕೈಗಡಕ್ಕೆ ಇರಬೇಕಾದ ಮುಖ ಇಲ್ಲಿ ಚಿತ್ರದಲ್ಲಿ ಮಾತ್ರ ಇತ್ತು. ಆ ಚಿತ್ರವೂ ಕಥೆಯೂ ನಿಜವೇ ಎಂದು ಮನೆಮನೆಗೆ ಹೋಗಿ ನೋಡಿ ಬರುವುದು ಸ್ವಯಂಸೇವಕರ ಕೆಲಸಗಳಲ್ಲೊಂದು. ಬೆಂಗಳೂರಿನಿಂದ ಎರಡು ಮೂರು ಗಂಟೆಯ ಹಾದಿಯಲ್ಲಿ ಬರುವ ಕನ್ನಡದ ಹುಡುಗನೂ ಈ ವಿಷಯದಲ್ಲಿ ಪರದೇಶಿಯೇ. ರಾಗಿ ಮುದ್ದೆಯನ್ನು ನುಂಗಲು ಬಂದ ಮಾತ್ರಕ್ಕೆ ರಾಗಿಯ ಲೆಕ್ಕ ಬರುವುದಿಲ್ಲ.

ಆತ ಕಲಿಯಬೇಕಾದ ಮೊದಲ ಪಾಠ ಅದೇ ಲೆಕ್ಕ. ‘ವಾರಕ್ಕೆ ಎಷ್ಟು ಲಾಭವಮ್ಮಾ?’ ಎಂದು ಕೇಳಿದರೆ, ‘ಲಾಭ ಎಲ್ಲಿ ಸ್ವಾಮಿ, ಈ ತಿಂಗಳು ಹಸು ಕರೆಯುತ್ತಿಲ್ಲ’ ಎಂಬ ಉತ್ತರ ಬರುವುದು ಸಹಜ. ಕೋಲಾರದ ನೆಲದಲ್ಲಿ ತುಂಬಿ ಹರಿಯುವ ಹೊಳೆಯಿಲ್ಲ. ಕೆರೆ ಮತ್ತು ಕೊಳವೆಬಾವಿಯೇ ಗತಿ. ಆದುದರಿಂದ ಒಂದೇ ಮನೆಯಲ್ಲಿ ನಾಲ್ಕು ಬಗೆಯ ಕಾಲಮಾನಗಳು ನಡೆಯುತ್ತಿರುತ್ತವೆ. ರಾಗಿಗೆ ವರ್ಷಕ್ಕೊಂದು ಸುಗ್ಗಿ. ಟೊಮೇಟೊ ಸಸಿ ನೆಟ್ಟು ಎರಡು ತಿಂಗಳಾದರೂ ಕಾಯಬೇಕು. ಆಮೇಲೂ ಪೆಟ್ಟಿಗೆಯ ಬೆಲೆ ಮಂಡಿಯವನ ಬಾಯಲ್ಲಿ. ರೇಷ್ಮೆಹುಳು ನಾಲ್ಕು ಜ್ವರ ದಾಟಿ ಚಂದ್ರಿಕೆ ಹತ್ತಿ ಗೂಡು ಕಟ್ಟಲು ಒಂದು ತಿಂಗಳು. ಹಾಲಿನ ಹಣ ಡೈರಿಯಿಂದ ಆಗಾಗ ಕೈಗೆ ಬರುವುದೇನೋ ನಿಜ. ಆದರೆ ಮುಂದಿನ ಕರುವಿಗೆ ಮುಂಚೆ ಹಸುವಿಗೆ ಎರಡು ತಿಂಗಳ ಬಿಡುವು ಬೇಕು. ಸಾಲದ ಕಂತಿಗಾದರೋ ವಾರ ಒಂದೇ ಗೊತ್ತು. ಹಸುವಿನ ಹಾಲು ಬತ್ತುತ್ತದೆ, ಕಂತು ಬತ್ತುವುದಿಲ್ಲ. ಹಸು ಕರೆಯದ ಎರಡು ತಿಂಗಳಲ್ಲಿ ಆ ಮನೆಯಾಕೆ ಒಂದು ಸಾಲದ ಕಂತು ತೀರಿಸಲು ಇನ್ನೊಂದು ಸಾಲ ಮಾಡುತ್ತಾಳೆ. ಸಂಸ್ಥೆಯ ಪುಸ್ತಕದಲ್ಲಿ ಮರುಪಾವತಿ ನೂರಕ್ಕೆ ನೂರು ಎಂದು ಕಾಣುವುದು ಆಗಲೇ.

ಎರಡನೆಯ ಪಾಠ ಬಡ್ಡಿಯದು. 10,000 ರೂಪಾಯಿ ಸಾಲಕ್ಕೆ ನೂರಕ್ಕೆ 12ರಂತೆ ವರ್ಷಕ್ಕೆ 1,200 ರೂಪಾಯಿ ಬಡ್ಡಿ ಕಟ್ಟಿ, 50 ವಾರಗಳಲ್ಲಿ ವಾರಕ್ಕೆ 224ರಂತೆ ತೀರಿಸಬೇಕೆಂದು ಇಟ್ಟುಕೊಳ್ಳಿ. ಕೇಳಲು ಹಗುರ. ಆದರೆ ಅಸಲು ವಾರವಾರವೂ ಕರಗುತ್ತ ಹೋಗುವುದರಿಂದ, ವರ್ಷವಿಡೀ ಆಕೆಯ ಕೈಯಲ್ಲಿದ್ದ ಸಾಲ ಸರಾಸರಿ ಅರ್ಧದಷ್ಟೇ. ಹಾಗಾಗಿ ನಿಜವಾದ ಬಡ್ಡಿ, ಹೇಳಿದುದರ ಸುಮಾರು ಎರಡು ಪಟ್ಟು. ಇದನ್ನು ಮೋಸವೆನ್ನಬೇಕಾಗಿಲ್ಲ, ಮುಚ್ಚಿಡದೆ ತಿಳಿಸಿದ್ದರೆ. ಸಾಲ ಕೊಳ್ಳುವಾಕೆ ಬೆರಳೆಣಿಸಿ ನೋಡುವಂತೆ ಇದನ್ನು ತಿಳಿಸಿಕೊಟ್ಟ ಸ್ವಯಂಸೇವಕ, ಹತ್ತು ಜನರಿಗೆ ಸಾಲ ಕೊಡಿಸಿದವನಿಗಿಂತ ಹೆಚ್ಚಿನ ಉಪಕಾರ ಮಾಡಿದಂತೆ.

ಮೂರನೆಯ ಪಾಠ ಚರಿತ್ರೆಯದು. ಅದು ಆತನ ಅಭಿಮಾನವನ್ನು ಸ್ವಲ್ಪ ಇಳಿಸಬಲ್ಲುದು. ಹೊರಗಿನ ವಿಚಾರ ಈ ನಾಡಿಗೆ ಬಂದದ್ದು ಇದೇ ಮೊದಲಲ್ಲ. ಜರ್ಮನಿಯ ರೈಫಾಯ್‌ಸೆನ್ ಹತ್ತೊಂಬತ್ತನೆಯ ಶತಮಾನದಲ್ಲಿ ರೈತರ ಸಾಲಸಂಘಗಳನ್ನು ಕಟ್ಟಿದನು; ಮದರಾಸು ಸರ್ಕಾರದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಅವುಗಳನ್ನು ಅಭ್ಯಾಸ ಮಾಡಿ 1890ರ ದಶಕದಲ್ಲಿ ವರದಿ ಬರೆದನು; 1904ರಲ್ಲಿ ಸಹಕಾರ ಕಾಯಿದೆಯಾಯಿತು. ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಬೀಜ ಹೊರಗಿನದಾದರೂ ಅದು ಬೇರೂರಿದ್ದು ಊರಿನವರ ಕೈಯಿಂದ.

ಇನ್ನು ಕೆಲವು ಬೀಜಗಳು ಇಲ್ಲಿಯವೇ. ಮೈರಾಡ ಸಂಸ್ಥೆ 1968ರಲ್ಲಿ ಟಿಬೆಟಿನ ನಿರಾಶ್ರಿತರ ಪುನರ್ವಸತಿಗಾಗಿ ಹುಟ್ಟಿತು. ಮುಂದೆ ಹಳ್ಳಿಗಳ ಕೆಲಸಕ್ಕೆ ತೊಡಗಿತು. ಕೋಲಾರ ಜಿಲ್ಲೆಯ ಕಾಮಸಮುದ್ರವೂ ಅದರ ಕ್ಷೇತ್ರಗಳಲ್ಲೊಂದು. 1980ರ ದಶಕದ ನಡುವಿನಲ್ಲಿ ಅದು ಬೆಂಬಲಿಸಿದ್ದ ದೊಡ್ಡ ಸಹಕಾರ ಸಂಘಗಳು ಒಡೆದವು. ಸದಸ್ಯರು ಹತ್ತಿಪ್ಪತ್ತು ಜನ ಗುಂಪುಗೂಡಿ ಬಂದು, ಸಾಲವನ್ನು ಸಂಘಕ್ಕೆ ಕಟ್ಟುವುದಿಲ್ಲ, ಬೇಕಾದರೆ ಮೈರಾಡಕ್ಕೇ ಕಟ್ಟುತ್ತೇವೆ ಎಂದರು. ನಮಗೆ ಬೇಡ, ನಿಮ್ಮ ನಿಮ್ಮಲ್ಲೇ ಇಟ್ಟುಕೊಂಡು ನಡೆಸಿರಿ ಎಂದಿತು ಸಂಸ್ಥೆ. ಒಬ್ಬರನ್ನೊಬ್ಬರು ನಂಬಿದ ಆ ಸಣ್ಣ ಗುಂಪುಗಳೇ ಸ್ವಸಹಾಯ ಸಂಘಗಳ ಮೂಲಗಳಲ್ಲೊಂದು. ಸಂಘದ ಉಳಿತಾಯ ಸಂಘದ್ದೇ. ಯಾರಿಗೆ ಸಾಲ, ಯಾವ ಕಾರಣಕ್ಕೆ, ಯಾವಾಗ ವಾಪಸು ಎಂಬುದನ್ನೂ ಸಂಘವೇ ನಿರ್ಧರಿಸುವುದು. 1992ರಲ್ಲಿ ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಕೈಗೊಂಡಿತು; ಅದು ದೇಶವನ್ನೇ ವ್ಯಾಪಿಸಿತು. ಕಲಿಸಲು ಬಂದ ಪರದೇಶದ ಹುಡುಗ, ಕಲಿಸಿದ ನೆಲಕ್ಕೇ ಬಂದಿರುತ್ತಾನೆ.

ಇದೇ ನೆಲ ಕಹಿಯನ್ನೂ ಕಂಡಿದೆ. ಬಾಂಗ್ಲಾದೇಶದ ಜೊಬ್ರಾ ಎಂಬ ಹಳ್ಳಿಯಲ್ಲಿ ಮಹಮ್ಮದ್ ಯೂನುಸ್ 1976ರಲ್ಲಿ 42 ಜನರಿಗೆ ಒಟ್ಟು 27 ಡಾಲರ್ ಕೊಟ್ಟು ಆರಂಭಿಸಿದ ಕೆಲಸ, 2006ರ ನೊಬೆಲ್ ಶಾಂತಿ ಪಾರಿತೋಷಕದವರೆಗೆ ಬೆಳೆಯಿತು. ಆ ಮಾದರಿಯ ಸಂಸ್ಥೆಗಳು ಕರ್ನಾಟಕದಲ್ಲೂ ಹಬ್ಬಿದವು. ಹಬ್ಬಿದ ವೇಗದಲ್ಲಿ, ಒಂದೇ ಮನೆಗೆ ಮೂರು ನಾಲ್ಕು ಕಡೆಯ ಸಾಲ ಬಂದಿತು. 2009ರಲ್ಲಿ ಕೋಲಾರದಲ್ಲಿ, ರೇಷ್ಮೆಯ ಕೆಲಸವನ್ನೇ ನಂಬಿದ್ದ ಅನೇಕ ಕುಟುಂಬಗಳನ್ನೊಳಗೊಂಡು, ಸಾಲಗಾರರು ಸಾಮೂಹಿಕವಾಗಿ ಮರುಪಾವತಿಯನ್ನು ನಿಲ್ಲಿಸಿದರು. ಮರುವರ್ಷ ಆಂಧ್ರಪ್ರದೇಶದ ಬಿಕ್ಕಟ್ಟು ಬಂದಿತು. 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ವಸೂಲಿಯ ಕಿರುಕುಳವನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ಹೊರಡಿಸಿ, 10 ವರ್ಷಗಳವರೆಗೆ ಸೆರೆವಾಸವನ್ನೂ 5 ಲಕ್ಷ ರೂಪಾಯಿಯವರೆಗೆ ದಂಡವನ್ನೂ ವಿಧಿಸಿತು. ಸಾಲ ಶೂಲವೆಂಬ ಗಾದೆ ಹಳೆಯದೇ; ಬಾಗಿಲಲ್ಲಿ ನಿಂತವನ ಮಾತಿಗೆ ಅಂಜಿ ಊರು ಬಿಟ್ಟ ಸಂಸಾರಗಳಿಗೆ ಅದು ಗಾದೆಯಾಗಿ ಉಳಿಯಲಿಲ್ಲ.

ಹಾಗಾದರೆ ಕಿರುಸಾಲ ನಿಷ್ಪ್ರಯೋಜಕವೆ? ಅಲ್ಲ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಅವರ ಸಂಗಡಿಗರು ಹೈದರಾಬಾದಿನ 104 ಬಡಾವಣೆಗಳಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಮಧ್ಯಮ ದಾರಿಯ ಮಾತನ್ನು ಹೇಳುತ್ತದೆ: ಮೊದಲೇ ವ್ಯಾಪಾರವಿದ್ದವರು ಅದನ್ನು ಅಷ್ಟಿಷ್ಟು ಬೆಳೆಸಿಕೊಂಡರು, ಆದರೆ ಸಾಲದಿಂದ ಬಡತನ ನೀಗುವ ಪವಾಡವೇನೂ ನಡೆಯಲಿಲ್ಲ. ದಾರಿಬದಿಯಲ್ಲಿ ದೋಸೆ ಹುಯ್ಯುವಾಕೆಗೆ ಇನ್ನೊಂದು ಕಾವಲಿ ಬೇಕಾದಾಗ ಸಾಲ ನೆರವಾಗುತ್ತದೆ. ಗಿರಾಕಿಗಳನ್ನು ಸಾಲ ತಂದುಕೊಡುವುದಿಲ್ಲ. ನೀರಿಲ್ಲದ ಕೊಳವೆಬಾವಿಗೆ ಕೊಟ್ಟ ಸಾಲ, ಬಾವಿಯನ್ನಲ್ಲ, ಮನೆಯನ್ನು ಆಳಕ್ಕಿಳಿಸುತ್ತದೆ.

ಇಷ್ಟನ್ನು ತಿಳಿದ ಮೇಲೂ ದೂರದಿಂದ ಬಂದವನು ಮಾಡುವ ಕೆಲಸ ಉಳಿದೇ ಇದೆ. ಅದು ಹಣಕ್ಕಿಂತ ದೊಡ್ಡದು. ಆತ ಯಾರ ಭಾವಮೈದುನನೂ ಅಲ್ಲ, ಯಾವ ಪಕ್ಷದವನೂ ಅಲ್ಲ. ಊರಿನವರು ಸಂಕೋಚದಿಂದ ಕೇಳಲಾರದ ಪ್ರಶ್ನೆಯನ್ನು ಆತ ಕೇಳಬಲ್ಲ: ‘ಅಕ್ಕಾ, ಈ ಸಾಲವನ್ನು ಯಾವುದರಿಂದ ತೀರಿಸುವಿರಿ?’ ಸಂಸ್ಥೆಯ ಮೇಲಧಿಕಾರಿಗೆ ಕಹಿಯಾದ ಉತ್ತರವನ್ನು ಆತ ಇದ್ದಂತೆಯೇ ಬರೆಯಬಲ್ಲ, ಆತನಿಗೆ ಅಲ್ಲಿ ಬಡ್ತಿಯ ಆಸೆಯಿಲ್ಲ. ಸಂಘದ ಪುಸ್ತಕವನ್ನು ಸದಸ್ಯರ ಮುಂದೆ ಗಟ್ಟಿಯಾಗಿ ಓದಿಸಿ, ಬರೆಯಬಲ್ಲ ಹುಡುಗಿಯೊಬ್ಬಳಿಗೆ ಲೆಕ್ಕವನ್ನು ಒಪ್ಪಿಸಬಲ್ಲ. ಹಸು ಬತ್ತಿದ ತಿಂಗಳಲ್ಲಿ ಕಂತಿಗೂ ಬಿಡುವಿರಲಿ ಎಂದು ವಾದಿಸಬಲ್ಲ.

ಅವನ ಅವಧಿ ಆರು ತಿಂಗಳೋ ವರ್ಷವೋ. ಸಾಲಗಾರಳ ಅವಧಿ ಒಂದು ಬಾಳು. ಆದುದರಿಂದ ತಾನು ಹೋದ ಮೇಲೆ ತನ್ನ ಅಗತ್ಯ ಬೀಳದಂತೆ ಮಾಡುವುದೇ ಅವನ ಸೇವೆಯ ಅಳತೆ. ಎಷ್ಟು ಜನರಿಗೆ ಸಾಲ ಕೊಡಿಸಿದೆ ಎಂದು ಆತನ ಊರಿನವರು ಕೇಳಬಹುದು. ಎಷ್ಟು ಜನ ತಮ್ಮ ಸಾಲದ ಲೆಕ್ಕವನ್ನು ತಾವೇ ಓದಿಕೊಳ್ಳುವಂತಾದರು ಎಂಬುದಕ್ಕೆ ಆತ ಉತ್ತರ ಕೊಡುವಂತಿದ್ದರೆ, ಕಡಲು ದಾಟಿ ಬಂದದ್ದು ಸಾರ್ಥಕ.